ಹೊಲದಲ್ಲಿ ಹುಟ್ಟಿದ ಬೆಟ್ಟ, ಬೆಟ್ಟದ ಬೆನ್ನು ಹತ್ತಿದ ಚಿತ್ರಕಾರ

ಮೆಕ್ಸಿಕೊ ನಗರದಿಂದ ಪಶ್ಚಿಮಕ್ಕೆ ಸುಮಾರು 400 ಕಿ.ಮೀ. ದೂರದಲ್ಲಿ, ಮಿಚೊವಕಾನ್ ಪ್ರಾಂತದಲ್ಲಿ ಉರುವಾಪಾನ್ ಎಂಬ ಪಟ್ಟಣವಿದೆ. ಬೆಣ್ಣೆಹಣ್ಣಿನ ತೋಟಗಳಿಗೆ ಹೆಸರಾದ ಊರು. ಪಟ್ಟಣ ದಾಟಿ ಗುಡ್ಡಗಾಡಿನ ರಸ್ತೆ ಹಿಡಿದು ಏರುತ್ತ ಹೋದರೆ ತೋಟಗಳು ಹಿಂದುಳಿದು ಪೈನ್ ಮರಗಳ ಕಾಡು ಶುರುವಾಗುತ್ತದೆ. ಗಾಳಿ ತಣ್ಣಗಾಗುತ್ತದೆ. ಮಣ್ಣಿನ ಬಣ್ಣ ಕಪ್ಪಾಗುತ್ತದೆ. ಅಂಗಾಹುವಾನ್ ಎಂಬ ಹಳ್ಳಿಯಲ್ಲಿ ಬಸ್ಸಿನಿಂದ ಇಳಿದ ಪ್ರವಾಸಿಯನ್ನು ಕುದುರೆಯವರು ಮುತ್ತಿಕೊಳ್ಳುತ್ತಾರೆ. ಅವರ ಪ್ರಶ್ನೆ ಒಂದೇ: ‘ಇಗ್ಲೇಸಿಯವೋ, ವೊಲ್ಕಾನೋ?’ ಇಗರ್ಜಿಗೆ ಹೋಗುವಿರೋ, ಜ್ವಾಲಾಮುಖಿಗೋ ಎಂದರ್ಥ. (ಮಂಗಳೂರು ಕಡೆಯ ಇಗರ್ಜಿ, ಸ್ಪ್ಯಾನಿಷರ ಇಗ್ಲೇಸಿಯ ಎರಡೂ ದಾಯಾದಿ ಪದಗಳೇ. ಒಂದು ಪೋರ್ಚುಗೀಸರ ಹಡಗಿನಲ್ಲಿ ಪೂರ್ವಕ್ಕೆ ಬಂತು, ಇನ್ನೊಂದು ಸ್ಪ್ಯಾನಿಷರ ಹಡಗಿನಲ್ಲಿ ಪಶ್ಚಿಮಕ್ಕೆ ಹೋಯಿತು.)

ಅಂಗಾಹುವಾನ್ ಪುರೆಪೆಚ ಜನರ ಹಳ್ಳಿ. ಸ್ಪೇನಿನವರು ಕಾಲಿಡುವುದಕ್ಕೆ ಮೊದಲೇ ಇಲ್ಲಿ ನೆಲೆಸಿದ್ದವರು. ಪರಸ್ಪರ ಮಾತಾಡುವಾಗ ಪುರೆಪೆಚ ನುಡಿ, ಹೊರಗಿನವರೊಡನೆ ಮಾತ್ರ ಸ್ಪ್ಯಾನಿಷ್. ಹಲಗೆ ಜೋಡಿಸಿ ಕಟ್ಟಿದ ಹಳೆಯ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಹಳ್ಳಿಯ ಅಂಚಿನಿಂದ ಕೆಳಗಿಳಿಯುವ ಕಾಲುದಾರಿಯಲ್ಲಿ ಸುಮಾರು ಮೂರು ಕಿ.ಮೀ. ನಡೆದರೆ ಸಾಕು. ಕಾಡು ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಎದುರಿಗೆ ಕರೀ ಬಂಡೆಗಳ ಸಮುದ್ರ. ಮನೆಯಷ್ಟು ದೊಡ್ಡವು, ಮಡಕೆಯಷ್ಟು ಚಿಕ್ಕವು, ಚೂಪಾದವು, ತೂತು ತೂತಾದವು. ಒಂದರ ಮೇಲೊಂದು ರಾಶಿ ಬಿದ್ದಿವೆ. ಆ ರಾಶಿಯ ನಡುವಿನಿಂದ ಇಗರ್ಜಿಯೊಂದರ ಗೋಪುರ ಎದ್ದು ನಿಂತಿದೆ! ಬಂಡೆಗಳನ್ನು ಹತ್ತಿ ಇಳಿದು, ಅಂಗೈ ತರಚಿಸಿಕೊಂಡು ಒಳಹೊಕ್ಕರೆ ಇನ್ನೊಂದು ತುದಿಯಲ್ಲಿ ಪೂಜಾವೇದಿಕೆಯೂ ಕಾಣಿಸುತ್ತದೆ. ಲಾವಾರಸ ಅದರ ಹತ್ತಿರಕ್ಕೆ ಬಂದು ನಿಂತುಬಿಟ್ಟಿದೆ. ಈಗಲೂ ಅಲ್ಲಿ ಯಾರೋ ಹೂವಿಟ್ಟು ಹೋಗುತ್ತಾರೆ.

ಗೋಪುರದ ಸುತ್ತ ಒಂದು ಊರಿತ್ತು. ಹೆಸರು ಸಾನ್ ಹ್ವಾನ್ ಪರಂಗರಿಕುತಿರೊ. ಬೀದಿ, ಚೌಕ, ಹೆಂಚಿನ ಮನೆ ಎಲ್ಲವೂ ಬಂಡೆಗಳ ಅಡಿಯಲ್ಲಿವೆ. ಅದನ್ನು ಮುಚ್ಚಿದ್ದು ದೂರದಲ್ಲಿ ಬೋಳಾಗಿ, ಸೌಮ್ಯವಾಗಿ ಕಾಣುವ ಆ ಬೂದುಬಣ್ಣದ ಗುಡ್ಡ. ಅದೇ ಪಾರಿಕುಟಿನ್. ಊರಿಗಿಂತ, ಇಗರ್ಜಿಗಿಂತ, ಆ ಊರಿನ ಅಜ್ಜ ಅಜ್ಜಿಯರಿಗಿಂತ ವಯಸ್ಸಿನಲ್ಲಿ ಚಿಕ್ಕದು.

ಬೆಟ್ಟವೊಂದರ ಜನ್ಮದಿನ

ಬೆಟ್ಟಗಳಿಗೆ ಹುಟ್ಟಿದ ದಿನ ಇರುವುದಿಲ್ಲ. ಇದಕ್ಕೆ ಇದೆ. 1943ರ ಫೆಬ್ರವರಿ 20, ಶನಿವಾರ, ಸಂಜೆ ನಾಲ್ಕೂವರೆಯ ಸುಮಾರು. ದಿಯೊನಿಸಿಯೊ ಪುಲಿದೊ ಎಂಬ ರೈತ ತನ್ನ ಮೆಕ್ಕೆಜೋಳದ ಹೊಲವನ್ನು ಬಿತ್ತನೆಗೆ ಹಸನು ಮಾಡುತ್ತಿದ್ದ. ಹೆಂಡತಿ, ಮಗ ಜೊತೆಯಲ್ಲಿದ್ದರು. ಹಲವು ದಿನಗಳಿಂದ ನೆಲದೊಳಗೆ ಗುಡುಗಿದಂಥ ಸದ್ದು ಕೇಳಿಬರುತ್ತಿತ್ತು, ಭೂಮಿ ನಡುಗುತ್ತಿತ್ತು. ಅಂದು ಹೊಲ ಬಿರುಕು ಬಿಟ್ಟಿತು. ನೆಲ ಆಳೆತ್ತರಕ್ಕೂ ಮೀರಿ ಉಬ್ಬಿತು. ಬಿರುಕಿನಿಂದ ಬುಸುಗುಟ್ಟುವ ಸದ್ದು, ಗಂಧಕದ ವಾಸನೆ, ನುಣ್ಣನೆಯ ಬೂದಿ. ರೈತ ಕುಟುಂಬ ಓಡಿತು. ಇಪ್ಪತ್ತನಾಲ್ಕು ಗಂಟೆ ಕಳೆಯುವಷ್ಟರಲ್ಲಿ ಹೊಲದ ಜಾಗದಲ್ಲಿ ಸುಮಾರು 50 ಮೀಟರ್ ಎತ್ತರದ ಗುಡ್ಡೆ ಎದ್ದಿತ್ತು. ವರ್ಷ ತುಂಬುವಾಗ 336 ಮೀಟರ್. ಒಂಬತ್ತು ವರ್ಷ ಕಾರಿ, 1952ರಲ್ಲಿ ಅದು ತಣ್ಣಗಾಯಿತು. ಆಗ ಹೊಲದ ಮಟ್ಟದಿಂದ ಅದರ ಎತ್ತರ 424 ಮೀಟರ್. ಅದರ ಲಾವಾ ಹರಡಿದ್ದು ಸುಮಾರು 25 ಚದರ ಕಿಲೋಮೀಟರ್.

ಈ ಸೀಮೆಯಲ್ಲಿ ಇಂಥ ಜ್ವಾಲಾಮುಖಿ ಬಾಯಿಗಳು ಒಂದೆರಡಲ್ಲ, ಸಾವಿರಕ್ಕೂ ಹೆಚ್ಚು. 1759ರಲ್ಲಿ ಇದೇ ಪ್ರಾಂತದಲ್ಲಿ ಹೊರುಯ್ಯೊ ಎಂಬ ಇನ್ನೊಂದು ಹುಟ್ಟಿತ್ತು. ಆದರೆ ಹುಟ್ಟಿನಿಂದ ಸಾವಿನವರೆಗೂ ವಿಜ್ಞಾನಿಗಳ ಕಣ್ಣೆದುರಿಗೇ ಇದ್ದದ್ದು ಪಾರಿಕುಟಿನ್. ಸುದ್ದಿ ತಿಳಿಯುತ್ತಲೇ ಮೆಕ್ಸಿಕೊದ ಹಿರಿಯ ಭೂವಿಜ್ಞಾನಿ ಎಸೆಕಿಯೆಲ್ ಒರ್ದೊನ್ಯೆಸ್ ಬಂದಿಳಿದ. ಆಗ ಆತನಿಗೆ ಎಪ್ಪತ್ತೈದು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯಿಂದ ವಿಲಿಯಂ ಫೋಶಾಗ್ ಬಂದ. ಪತ್ರಕರ್ತರು, ಛಾಯಾಗ್ರಾಹಕರು ಬಂದರು. ಹಾಲಿವುಡ್ಡಿನವರೂ ಬಂದರು. 1947ರ ‘ಕ್ಯಾಪ್ಟನ್ ಫ್ರಂ ಕ್ಯಾಸ್ಟೀಲ್’ ಚಿತ್ರದಲ್ಲಿ ಹಿನ್ನೆಲೆಗೆ ಹೊಗೆಯಾಡುವ ಬೆಟ್ಟ ಇದೇ.

ಎಲ್ಲರೂ ಬಂದರು, ನೋಡಿದರು, ಹೋದರು. ಹೋಗದೆ ಉಳಿದವನೊಬ್ಬನಿದ್ದ. ಗಡ್ಡಧಾರಿ, ಅರವತ್ತೇಳರ ಮುದುಕ. ಬೆಟ್ಟ ಹತ್ತುವವರ ಬೂಟು, ಬಗಲಲ್ಲಿ ಕಾಗದದ ಕಟ್ಟು. ಹತ್ತಿರದಲ್ಲೇ ಒಂದು ಗುಡಿಸಲು ಹಾಕಿಕೊಂಡು, ಬೂದಿಯ ಮಳೆಯಲ್ಲಿ ತಿಂಗಳುಗಟ್ಟಲೆ ಕೂತುಬಿಟ್ಟ. ಜನ ಆತನನ್ನು ಡಾಕ್ಟರ್ ಆಟ್ಲ್ ಎಂದು ಕರೆಯುತ್ತಿದ್ದರು.

ಪದವಿಯಿಲ್ಲದ ಡಾಕ್ಟರು

ಅವನ ಹುಟ್ಟು ಹೆಸರು ಹೆರಾರ್ದೊ ಮುರಿಯೊ. ಊರು ಗ್ವಾದಲಹಾರ, ಹುಟ್ಟಿದ್ದು 1875ರಲ್ಲಿ. ಸ್ಪೇನಿನಲ್ಲಿ ಅದೇ ಮುರಿಯೊ ಹೆಸರಿನ ಪ್ರಸಿದ್ಧ ವರ್ಣಚಿತ್ರಕಾರ ಹದಿನೇಳನೆಯ ಶತಮಾನದಲ್ಲೇ ಆಗಿಹೋಗಿದ್ದ. ಈತನಿಗೆ ಆ ಹೆಸರೂ ಬೇಡ, ಸ್ಪೇನಿನ ನೆರಳೂ ಬೇಡ. ಮೆಕ್ಸಿಕೊದ ಮೂಲನಿವಾಸಿಗಳ ನಾವಾಟ್ಲ್ ನುಡಿಯಲ್ಲಿ ನೀರಿಗೆ ‘ಆಟ್ಲ್’ ಎನ್ನುತ್ತಾರೆ. ಅದನ್ನೇ ಹೆಸರಾಗಿಸಿಕೊಂಡ. ‘ಡಾಕ್ಟರ್’ ಎಂಬುದನ್ನು ಪ್ಯಾರಿಸಿನಲ್ಲಿ ಅಂಟಿಸಿದವನು ಆರ್ಜೆಂಟೀನಾದ ಕವಿ ಲಿಯೊಪೊಲ್ದೊ ಲುಗೋನೆಸ್. ಯಾವ ವಿಶ್ವವಿದ್ಯಾಲಯವೂ ಕೊಟ್ಟದ್ದಲ್ಲ. ಬೆಂಕಿಯ ಬೆನ್ನು ಹತ್ತಿದವನಿಗೆ ನೀರೆಂಬ ಹೆಸರು!

ಹಾಗೆಂದು ಓದು ಕಡಿಮೆಯದಲ್ಲ. 1897ರಲ್ಲಿ ಸರ್ಕಾರದ ವೇತನ ಪಡೆದು ಯೂರೋಪಿಗೆ ಹೋದ. ರೋಮಿನಲ್ಲಿ ತತ್ವಶಾಸ್ತ್ರ, ಕಾನೂನು ಓದಿದ. ಗೋಡೆಗಳ ಮೇಲಿನ ಮೈಕೆಲೇಂಜೆಲೊ ಚಿತ್ರಗಳನ್ನು ನೋಡಿ ಬೆರಗಾದ. ರೋಮಿನಿಂದ ಪ್ಯಾರಿಸಿಗೆ ನಡೆದೇ ಹೋದನೆಂದು ಹೇಳುತ್ತಾರೆ. ಆತನ ಬಗೆಗಿನ ಕತೆಗಳಲ್ಲಿ ಅರ್ಧ ಆತನೇ ಹೇಳಿಕೊಂಡವು. ಆದರೂ ಇದನ್ನು ನಂಬಬಹುದು, ನಡಿಗೆ ಆತನಿಗೆ ಊಟದಷ್ಟೇ ಸಹಜವಾಗಿತ್ತು. ಮುಂದೆ ಎರಡನೆಯ ಸಲ ಯೂರೋಪಿಗೆ ಹೋದಾಗ ಇಟಲಿಯ ಜ್ವಾಲಾಮುಖಿಗಳನ್ನು ಸುತ್ತಿ, ಜ್ವಾಲಾಮುಖಿ ಶಾಸ್ತ್ರ ಕಲಿತ. ತಾಯ್ನಾಡಿನಲ್ಲಿ ಪೊಪೊಕಟೆಪೆಟ್ಲ್, ಇಸ್ತಾಕ್ಸಿವಾಟ್ಲ್ ಎಂಬ ಎರಡು ಹಿಮಶಿಖರಗಳಿವೆ. ಎರಡೂ 5 ಸಾವಿರ ಮೀಟರಿಗಿಂತ ಎತ್ತರ. ಅವುಗಳನ್ನು ಎಷ್ಟು ಸಲ ಹತ್ತಿದನೋ ಲೆಕ್ಕವಿಲ್ಲ. ದಿನಗಟ್ಟಲೆ ಅಲ್ಲೇ ಉಳಿದು ಚಿತ್ರ ಬರೆಯುತ್ತಿದ್ದ.

ಊರಲ್ಲಿದ್ದಾಗ ಸುಮ್ಮನಿರುವ ಆಸಾಮಿಯಲ್ಲ. ಕಲಾಶಾಲೆಯಲ್ಲಿ ಹುಡುಗರಿಗೆ ಗೋಡೆಚಿತ್ರಗಳ ಹುಚ್ಚು ಹಿಡಿಸಿದ. ಆ ಹುಡುಗರಲ್ಲಿ ಒರೊಸ್ಕೊ ಒಬ್ಬ. ಮುಂದೆ ರಿವೇರಾ, ಸಿಕೇರೊಸ್ ಜೊತೆಗೂಡಿ ಮೆಕ್ಸಿಕೊದ ಗೋಡೆಗಳನ್ನು ಜಗತ್ತೇ ತಿರುಗಿ ನೋಡುವಂತೆ ಮಾಡಿದವನು. 1910ರಲ್ಲಿ ಆಟ್ಲ್ ಸರ್ಕಾರದಿಂದ ಒಂದು ಗೋಡೆಯನ್ನೂ ಗಿಟ್ಟಿಸಿದ್ದ. ಅಷ್ಟರಲ್ಲಿ ಕ್ರಾಂತಿ ಸಿಡಿದು ಕುಂಚ ಕೆಳಗಿಡಬೇಕಾಯಿತು. ಕ್ರಾಂತಿಯಲ್ಲೂ ಮುಳುಗಿದ, ಪತ್ರಿಕೆ ನಡೆಸಿದ, ಕಲಾಶಾಲೆಯ ಮುಖ್ಯಸ್ಥನಾದ. 1921ರಲ್ಲಿ ದೇಶದ ಕುಂಬಾರರು, ನೇಕಾರರು, ಬೊಂಬೆ ಮಾಡುವವರ ಬಗ್ಗೆ ದೊಡ್ಡ ಪುಸ್ತಕ ಬರೆದ. ಬಿಡುವಾದಾಗಲೆಲ್ಲ ಮತ್ತೆ ಬೆಟ್ಟ.

ಬೆಟ್ಟದ ಮೇಲೆ ಚಿತ್ರ ಬರೆಯುವುದು ಅಷ್ಟು ಸುಲಭವಲ್ಲ. ತೈಲವರ್ಣ ಒಣಗಲು ದಿನಗಟ್ಟಲೆ ಬೇಕು. ಅದಕ್ಕಾಗಿ ಆತ ತನ್ನದೇ ಬಣ್ಣ ತಯಾರಿಸಿಕೊಂಡ. ಮೇಣ, ರಾಳ, ಪೆಟ್ರೋಲು, ಬಣ್ಣದ ಪುಡಿ ಬೆರೆಸಿ ಗಟ್ಟಿಯಾಗಿಸಿದ ಕಡ್ಡಿಗಳು. ಹೆಸರು ‘ಆಟ್ಲ್‌ಕಲರ್ಸ್’. ಕಾಗದ, ಬಟ್ಟೆ, ರಟ್ಟು, ಬೇಕಾದರೆ ಬಂಡೆಯ ಮೇಲೂ ಗೀಚಬಹುದು. ಕಡ್ಡಿಯ ಬಣ್ಣದ ಮೇಲೆ ಇನ್ನೊಂದು ಪದರ ಎಳೆಯಬಹುದು. ಆತನ ಚಿತ್ರಗಳಲ್ಲಿ ಬಂಡೆಗೆ ಬಂಡೆಯ ಒರಟು, ಹಿಮಕ್ಕೆ ಒಣ ಹೊಳಪು ಬಂದದ್ದು ಈ ಕಡ್ಡಿಗಳಿಂದ.

ಎರಡನೆಯದು ದೃಷ್ಟಿಯ ಪ್ರಶ್ನೆ. ಶಾಲೆಯಲ್ಲಿ ಚಿತ್ರ ಕಲಿಸುವವರು ಕ್ಷಿತಿಜವನ್ನು ಅಡ್ಡಪಟ್ಟಿ ಇಟ್ಟು ಎಳೆಸುತ್ತಾರೆ. ಆದರೆ ಎತ್ತರದ ಶಿಖರದಲ್ಲಿ ನಿಂತವನ ಅನುಭವ ಬೇರೆ. ಅವನು ಒಂದೇ ಕಡೆ ನೋಡುವುದಿಲ್ಲ, ಕತ್ತು ತಿರುಗಿಸುತ್ತಾನೆ. ಕಣಿವೆ ಬೋಗುಣಿಯಂತೆ, ಆಕಾಶ ಗುಮ್ಮಟದಂತೆ ಅವನನ್ನು ಸುತ್ತುವರಿಯುತ್ತದೆ. ಮೆಕ್ಸಿಕೊದ ಲೂಯಿಸ್ ಸೆರಾನೊ ಇದಕ್ಕೆಂದು ವಕ್ರರೇಖೆಗಳ ಲೆಕ್ಕಾಚಾರವೊಂದನ್ನು ರೂಪಿಸಿ 1934ರಲ್ಲಿ ಪುಸ್ತಕವಾಗಿ ತಂದ. ಆಟ್ಲ್ ಅದನ್ನು ತನ್ನದಾಗಿಸಿಕೊಂಡ. ಆತನ ದೊಡ್ಡ ಚಿತ್ರಗಳಲ್ಲಿ ದಿಗಂತ ಬಿಲ್ಲಿನಂತೆ ಬಾಗುತ್ತದೆ. ಮೋಡಗಳೂ ಆ ಬಾಗಿಗೆ ಹೊಂದಿಕೊಂಡು ಸುತ್ತುತ್ತವೆ. ನೋಡುವವನಿಗೆ ಕಾಲಕೆಳಗಿನ ನೆಲ ಉರುಟಾಗಿದೆ ಎಂಬ ಅರಿವು ಮೂಡಿ ಒಂದು ಕ್ಷಣ ತಲೆ ತಿರುಗುತ್ತದೆ.

ಬೂದಿಯ ದಿನಚರಿ

ಇಷ್ಟೆಲ್ಲ ಸಿದ್ಧತೆಯಾದ ಮೇಲೆ, ಅರವತ್ತೇಳರ ವಯಸ್ಸಿನಲ್ಲಿ, ಅವನ ದೇಶದಲ್ಲೇ ಹೊಸ ಜ್ವಾಲಾಮುಖಿ ಹುಟ್ಟಿತು. ಜೀವಮಾನವಿಡೀ ಬೆಟ್ಟಗಳ ಮುಪ್ಪನ್ನೇ ಬರೆದವನಿಗೆ ಅವುಗಳ ಶೈಶವ ನೋಡುವ ಅವಕಾಶ. ಬಿಡುವುದುಂಟೇ?

ಕೂಸು ಗಂಟೆಗೊಂದು ರೂಪ ತಾಳುತ್ತಿತ್ತು. ಬೆಳಗ್ಗೆ ಬರೆದ ಏಣು ಸಂಜೆಗೆ ಕುಸಿದಿರುತ್ತಿತ್ತು. ಹೊಸ ಬಾಯಿ ತೆರೆದಿರುತ್ತಿತ್ತು. 1943ರ ಅಕ್ಟೋಬರಿನಲ್ಲಿ ಬುಡದಲ್ಲೇ ಒಂದು ಮರಿಗುಡ್ಡ ಎದ್ದಿತು. ಪುರೆಪೆಚ ಜನ ಅದಕ್ಕೆ ಮಗು ಎಂಬರ್ಥದ ‘ಸಪಿಚು’ ಹೆಸರಿಟ್ಟರು. ಕೆಲವೇ ತಿಂಗಳಲ್ಲಿ ಅದು ಆರಿತು. ಇದೆಲ್ಲವನ್ನೂ ಆಟ್ಲ್ ಇದ್ದಿಲಿನಲ್ಲಿ, ಬಣ್ಣದ ಕಡ್ಡಿಯಲ್ಲಿ, ಅಕ್ಷರದಲ್ಲಿ ಹಿಡಿದಿಟ್ಟ. ಹೊಗೆಯ ಕಂಬ ಯಾವ ಕಡೆಗೆ ಬಾಗಿತು, ಸಿಡಿದ ಕೆಂಡದುಂಡೆ ಎಷ್ಟು ಎತ್ತರಕ್ಕೆ ಹೋಗಿ ಎಲ್ಲಿ ಬಿತ್ತು, ಲಾವಾ ಯಾವ ಬಿರುಕಿನಿಂದ ಹೊರಟಿತು ಎಂಬುದೇ ಅವನ ಚಿಂತೆ. ರಾತ್ರಿಯ ಚಿತ್ರಗಳಂತೂ ಅಪೂರ್ವ. ಕಪ್ಪು ಆಕಾಶದಲ್ಲಿ ಕೆಂಪು ಗೆರೆಗಳು ಹೂಕುಂಡದಂತೆ ಚಿಮ್ಮುತ್ತವೆ. ಆದರೆ ಹಬ್ಬದ ಸಡಗರ ಅಲ್ಲಿಲ್ಲ. ಪ್ರತಿ ಗೆರೆಯೂ ಒಂದು ಬಂಡೆ ಹಾರಿದ ಹಾದಿ, ಅಷ್ಟೆ. 1950ರಲ್ಲಿ ‘ಜ್ವಾಲಾಮುಖಿ ಹುಟ್ಟಿ ಬೆಳೆಯುವ ಬಗೆ’ ಎಂಬರ್ಥದ ಹೆಸರಿನಲ್ಲಿ ಈ ದಿನಚರಿ ಪುಸ್ತಕವಾಯಿತು. ಭೂವಿಜ್ಞಾನಿಗೂ ಬೇಕು, ಚಿತ್ರಪ್ರಿಯನಿಗೂ ಬೇಕು ಎನ್ನಿಸುವ ಅಪರೂಪದ ಪುಸ್ತಕ.

ಪುಲಿದೊನಿಂದ ಆ ಹೊಲವನ್ನೇ ಆಟ್ಲ್ ಕೊಂಡುಕೊಂಡನೆಂಬ ಮಾತೂ ಇದೆ. ನಿಜವಿದ್ದರೆ, ಲೋಕದಲ್ಲಿ ಉರಿಯುವ ಬೆಟ್ಟಕ್ಕೆ ದುಡ್ಡು ಕೊಟ್ಟವನು ಅವನೊಬ್ಬನೇ ಇರಬೇಕು.

ಒಬ್ಬನಿಗೆ ಸುಗ್ಗಿಯಾದದ್ದು ಇನ್ನೊಬ್ಬನಿಗೆ ಕ್ಷಾಮವಾಗಿತ್ತು. ಬೆಟ್ಟಕ್ಕೆ ಹೆಸರು ಕೊಟ್ಟ ಪಾರಿಕುಟಿನ್ ಹಳ್ಳಿ ಮೊದಲು ಹೋಯಿತು. ಅಲ್ಲಿನವರನ್ನು ಉರುವಾಪಾನ್ ಬಳಿಯ ಕಲ್ತ್ಸೋನ್ತ್ಸಿನ್ ಎಂಬಲ್ಲಿಗೆ ಸಾಗಿಸಿದರು. ಸಾನ್ ಹ್ವಾನ್ ಊರಿನ ಸರದಿ ಬಂದದ್ದು 1944ರಲ್ಲಿ. ಲಾವಾ ಪ್ರವಾಹವೆಂದರೆ ನೆರೆಯಂತೆ ನುಗ್ಗಿ ಬರುವುದಿಲ್ಲ. ಮೇಲೆ ಹೆಪ್ಪುಗಟ್ಟಿದ ಬಂಡೆಗಳನ್ನು ಉರುಳಿಸಿಕೊಂಡು, ಕಟಕಟ ಸದ್ದು ಮಾಡುತ್ತ, ಎತ್ತಿನ ಗಾಡಿಗಿಂತ ನಿಧಾನವಾಗಿ ತೆವಳುತ್ತದೆ. ಬಾಗಿಲು, ಹೆಂಚು, ತೊಲೆ ಕಿತ್ತುಕೊಳ್ಳಲು ಸಮಯ ಕೊಡುತ್ತದೆ. ಕಣ್ಣೆದುರಿಗೆ ಮನೆ ಮುಚ್ಚಿಹೋಗುವುದನ್ನು ನೋಡುವುದಕ್ಕೂ ಸಮಯ ಕೊಡುತ್ತದೆ. ಲಾವಾದಿಂದ ಸತ್ತವರು ಯಾರೂ ಇಲ್ಲ. ಬೂದಿಯ ಮೋಡದಲ್ಲಿ ಹುಟ್ಟಿದ ಸಿಡಿಲಿಗೆ ಮಾತ್ರ ಮೂವರು ಬಲಿಯಾದರು. ಆದರೆ ಹೊಲಗಳ ಮೇಲೆ ಬೂದಿ ಕೂತು ಬೆಳೆ ಹೋಯಿತು, ದನಕರು ಹೋದವು, ಮರಗಳು ಬರಲಾದವು.

ಆಟ್ಲ್ ಬರೆದ ಪಾರಿಕುಟಿನ್ ಚಿತ್ರಗಳಲ್ಲಿ ಈ ಜನ ಕಾಣಿಸುವುದು ಅಪರೂಪ. ಅವನ ಕಣ್ಣಿಗೆ ಬಿದ್ದದ್ದು ಭೂಮಿ, ಬೆಂಕಿ, ಹೊಗೆ. ಇದನ್ನು ಅವನ ಶೈಲಿಯ ಶುದ್ಧಿ ಎನ್ನುವವರಿದ್ದಾರೆ. ಕೊರತೆ ಎಂದರೂ ತಪ್ಪಾಗದು. ಏಕೆಂದರೆ ಬೆಟ್ಟದ ಒಂದೊಂದು ಬಿರುಕನ್ನೂ ಅಷ್ಟು ನಿಷ್ಠುರವಾಗಿ ಅಳೆದ ಇದೇ ಮನುಷ್ಯ, 1930ರ ದಶಕದ ಕೊನೆಯಲ್ಲಿ ಹಿಟ್ಲರನ ಜರ್ಮನಿಯನ್ನು ಹೊಗಳಿ, ಯೆಹೂದ್ಯರನ್ನು ಹಳಿದು ಬರೆದಿದ್ದ. ಯೌವನದ ಸಮಾಜವಾದಿ, ಕ್ರಾಂತಿಯ ಕಾರ್ಮಿಕ ಪಡೆಗಳನ್ನು ಹುರಿದುಂಬಿಸಿದವನು ಅಲ್ಲಿಗೆ ಬಂದು ಮುಟ್ಟಿದ್ದ. ಪ್ರಕೃತಿಯ ವಿಷಯದಲ್ಲಿ ಕಂಡದ್ದನ್ನು ಬಿಟ್ಟು ಬೇರೇನೂ ಬರೆಯದವನು, ಮನುಷ್ಯರ ವಿಷಯದಲ್ಲಿ ಕಾಣದ್ದನ್ನೆಲ್ಲ ಬರೆದ. ಮೆಕ್ಸಿಕೊದವರು ಅವನ ಹೆಸರನ್ನು ಗೌರವದಿಂದ ಹೇಳುವಾಗ ಈ ಪುಟವನ್ನು ಬೇಗ ತಿರುವಿಬಿಡುತ್ತಾರೆ. ತಿರುವದೆ ಓದುವುದೇ ಮೇಲು.

ಬೆಟ್ಟ ಅವನಿಂದಲೂ ಸುಂಕ ವಸೂಲು ಮಾಡಿತು. ಗಂಧಕದ ಹೊಗೆಯಲ್ಲಿ, ಚಳಿಯಲ್ಲಿ ಇದ್ದೂ ಇದ್ದೂ ಆರೋಗ್ಯ ಕೆಟ್ಟಿತು. 1949ರಲ್ಲಿ ಬಲಗಾಲನ್ನೇ ಕತ್ತರಿಸಬೇಕಾಯಿತು. ಜ್ವಾಲಾಮುಖಿಯ ಅನಿಲವೇ ಕಾರಣವೆಂದು ಕೆಲವರು, ರಕ್ತನಾಳಗಳ ರೋಗವೆಂದು ಕೆಲವರು. ನಡೆದು ನಡೆದೇ ಚಿತ್ರ ಬರೆದವನಿಗೆ ಎಪ್ಪತ್ತನಾಲ್ಕರಲ್ಲಿ ಊರುಗೋಲು! ಇನ್ನು ಮುಗಿಯಿತು ಎಂದುಕೊಂಡವರಿಗೆ ಆತ ಬೇರೆಯೇ ಉತ್ತರ ಕೊಟ್ಟ. ಹತ್ತಲಾರದ ಬೆಟ್ಟಗಳ ಮೇಲೆ ವಿಮಾನದಲ್ಲಿ ಹಾರಿದ. ಮೇಲಿನಿಂದ ಕಂಡ ಭೂಮಿಯನ್ನು ಬರೆದ. ಅದಕ್ಕೆ ‘ಆಕಾಶದ ಭೂದೃಶ್ಯ’ ಎಂಬರ್ಥದ ಹೆಸರನ್ನೂ ಕೊಟ್ಟ. ದಿಗಂತದ ಬಾಗು ಈಗ ಲೆಕ್ಕಾಚಾರವಾಗಿ ಉಳಿಯಲಿಲ್ಲ, ಕಿಟಕಿಯಲ್ಲೇ ಕಾಣುತ್ತಿತ್ತು. ಕಲಾವಿದರು, ವಿಜ್ಞಾನಿಗಳು ಕೂಡಿ ಬಾಳುವ ‘ಒಲಿಂಕಾ’ ಎಂಬ ಹೊಸ ನಗರವನ್ನು ಕಟ್ಟಬೇಕೆಂದು ಕೊನೆಯವರೆಗೂ ಜಾಗ ಹುಡುಕುತ್ತಿದ್ದ. ಅದು ಕಾಗದದಲ್ಲೇ ಉಳಿಯಿತು. 1964ರ ಆಗಸ್ಟಿನಲ್ಲಿ, ತೊಂಬತ್ತಕ್ಕೆ ಒಂದು ವರ್ಷ ಚಿಲ್ಲರೆ ಬಾಕಿಯಿರುವಾಗ ಮೆಕ್ಸಿಕೊ ನಗರದಲ್ಲಿ ತೀರಿಕೊಂಡ. ದೇಶದ ಗಣ್ಯರಿಗೆ ಮೀಸಲಾದ ಸ್ಮಶಾನದಲ್ಲಿ ಅವನ ಸಮಾಧಿಯಿದೆ.

ನಗರದ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ ಅವನ ಚಿತ್ರಗಳನ್ನು ನೋಡಬಹುದು. 1942ರ ‘ಪೊಪೊ ನೆರಳು’ ಅಲ್ಲೇ ಇದೆ. ಪಾರಿಕುಟಿನ್‌ಗೆ ಹೊರಡುವವರು ಮೊದಲು ಅಲ್ಲಿ ಒಂದು ಗಂಟೆ ಕಳೆಯುವುದು ಒಳ್ಳೆಯದು. ಬೆಟ್ಟವನ್ನು ನೋಡುವುದು ಹೇಗೆಂದು ತಿಳಿಯುತ್ತದೆ.

ಬಾಯಂಚಿನಲ್ಲಿ

ಇಗರ್ಜಿಯಷ್ಟನ್ನೇ ನೋಡಿ ಹಿಂದಿರುಗುವವರೇ ಹೆಚ್ಚು. ಜ್ವಾಲಾಮುಖಿಯವರೆಗೆ ಹೋಗಲು ಅಂಗಾಹುವಾನಿನಿಂದ ನಸುಕಿನಲ್ಲೇ ಹೊರಡಬೇಕು. ಕುದುರೆ ಮೇಲೆ ಹೋದರೂ ಇಡೀ ದಿನ ಹಿಡಿಯುತ್ತದೆ. ಮರದ ಜೀನಿನ ಮೇಲೆ ಅಷ್ಟು ಹೊತ್ತು ಕೂತವರಿಗೆ ಮರುದಿನ ಕೂರುವುದು ಕಷ್ಟ. ಕುದುರೆ ಬುಡದವರೆಗೆ ಮಾತ್ರ. ಕೊನೆಯ ಏರನ್ನು ಕಾಲಿನಿಂದಲೇ ಏರಬೇಕು. ಸಡಿಲವಾದ ಕಿಟ್ಟದ ಮೇಲೆ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರುತ್ತದೆ. ಮೇಲೆ ತಲುಪಿದರೆ, ಸಮುದ್ರಮಟ್ಟದಿಂದ 2,800 ಮೀಟರ್ ಎತ್ತರದಲ್ಲಿ, ಬೋಗುಣಿಯಂಥ ಬಾಯಿ. ಅಲ್ಲಲ್ಲಿ ಬಿರುಕುಗಳಿಂದ ಇನ್ನೂ ಬಿಸಿ ಆವಿ ಬರುತ್ತದೆ. ಇದು ಮತ್ತೆ ಕಾರುವುದಿಲ್ಲವೆನ್ನುತ್ತಾರೆ ಭೂವಿಜ್ಞಾನಿಗಳು. ಈ ಜಾತಿಯ ಜ್ವಾಲಾಮುಖಿ ಒಂದೇ ಸಲ ಬದುಕುತ್ತದೆ. ಮುಂದಿನದು ಹುಟ್ಟುವುದಾದರೆ ಇನ್ನಾರದೋ ಹೊಲದಲ್ಲಿ.

ಅಂಚಿನಿಂದ ಸುತ್ತ ನೋಡಿದರೆ ಹಸಿರು ಕಾಡಿನ ನಡುವೆ ಕಪ್ಪು ಲಾವಾ ಹರಡಿಕೊಂಡಿದೆ. ಅದರ ಸಂದುಗಳಲ್ಲಿ ಹುಲ್ಲು, ಪೈನ್ ಸಸಿಗಳು ಬೇರೂರುತ್ತಿವೆ. ದೂರದಲ್ಲಿ ಗೋಪುರ ಬೆರಳಿನಷ್ಟೇ ಕಾಣುತ್ತದೆ. ಇಳಿದು ಬರುವಾಗ ಇಗರ್ಜಿಯ ಪಕ್ಕದಲ್ಲಿ ಹೆಂಗಸರು ಒಲೆ ಹೂಡಿ ನೀಲಿ ಮೆಕ್ಕೆಜೋಳದ ಹಿಟ್ಟಿನ ರೊಟ್ಟಿ ತಟ್ಟುತ್ತಿರುತ್ತಾರೆ. ಒಳಗೆ ಗಿಣ್ಣು ಇಟ್ಟು ಮಡಚಿ ಬಿಸಿಬಿಸಿ ಕೊಡುತ್ತಾರೆ. ಹಸಿದವರಿಗೆ ಅದಕ್ಕಿಂತ ರುಚಿ ಬೇರಿಲ್ಲ.

ಊರು ಕಳೆದುಕೊಂಡವರು ಎಲ್ಲಿಗೆ ಹೋದರು? 1944ರ ಮೇ ತಿಂಗಳಲ್ಲಿ, ಲಾವಾ ಹೊಸ್ತಿಲಿಗೆ ಬಂದಾಗ, ಸಾನ್ ಹ್ವಾನಿನ ಜನ ತಮ್ಮ ಇಗರ್ಜಿಯ ‘ಪವಾಡಗಳ ಪ್ರಭು’ ಯೇಸುವಿನ ಮೂರ್ತಿಯನ್ನು ಹೊತ್ತುಕೊಂಡು ಮೆರವಣಿಗೆಯಲ್ಲಿ ಹೊರಟರು. ಉರುವಾಪಾನ್ ಆಚೆ ಒಂದು ಬಯಲಿನಲ್ಲಿ ಮೂರ್ತಿಯನ್ನು ಇಳಿಸಿ ಹೊಸ ಸಾನ್ ಹ್ವಾನ್ ಕಟ್ಟಿದರು. ಇಂದು ಆ ಊರು ತನ್ನ ಕಾಡನ್ನು ತಾನೇ ಒಟ್ಟಾಗಿ ನಡೆಸಿ, ಮರಮುಟ್ಟಿನಿಂದ ಬದುಕುವುದಕ್ಕೆ ಹೆಸರಾಗಿದೆ. ಹೊಸ ಇಗರ್ಜಿಯಲ್ಲಿ ಅದೇ ಹಳೆಯ ಮೂರ್ತಿ. ಅದರ ಮುಂದೆ ಹರಕೆ ಹೊತ್ತವರು ಮೊಣಕಾಲೂರಿ ಸುಮ್ಮನೆ ಕೂರುವುದಿಲ್ಲ. ಬಾಗಿಲಿನಿಂದ ವೇದಿಕೆಯವರೆಗೂ ಹೆಜ್ಜೆ ಹಾಕಿ ಕುಣಿಯುತ್ತ ಹೋಗುತ್ತಾರೆ.